ಅಗ್ಗದ ಚಾರ್ಜರ್‌ಗೆ ನಿಲ್ಲಿಸೋದು ಗೊತ್ತಿದೆಯಾ? ಟಾರ್ಚು, ಪೆನ್ಸಿಲ್ ಸೆಲ್, ಸ್ಪ್ರೇಯರ್ ಇರುವ ಮನೆಗಳಿಗೆ

ಮೈಸೂರಿನ ಸಂತೆಪೇಟೆಯಲ್ಲೋ ಮಂಡ್ಯದ ಪೇಟೆ ಬೀದಿಯಲ್ಲೋ ಇನ್ನೂರು ಮುನ್ನೂರು ರೂಪಾಯಿ ಕೊಟ್ಟರೆ ಚಾರ್ಜರ್ ಸಮೇತ ಟಾರ್ಚು ಸಿಗುತ್ತದೆ. ಬೆಳಕೂ ಜೋರಾಗಿಯೇ ಬರುತ್ತದೆ. ಆ ಬೆಲೆಗೆ ಇಳಿಸಲು ಒಳಗೆ ಏನು ಬಿಟ್ಟಿದ್ದಾರೆ ಎನ್ನುವುದು ಮಾತ್ರ ಹೊರಗೆ ಕಾಣದು. ಹೆಚ್ಚಾಗಿ ಬಿಟ್ಟಿರುವುದು ಎರಡು ಭಾಗ. ಒಂದು, ಬ್ಯಾಟರಿ ತುಂಬಿದ ಮೇಲೆ ಕರೆಂಟು ನಿಲ್ಲಿಸುವ ಭಾಗ. ಇನ್ನೊಂದು, ಮನೆಯ 230 ವೋಲ್ಟು ನಿಮ್ಮ ಕೈಗೆ ತಾಗದಂತೆ ಬೇರೆ ಇಡುವ ಭಾಗ. ಮೊದಲನೆಯದು ಇಲ್ಲದಿದ್ದರೆ ಬ್ಯಾಟರಿ ಸೋರುತ್ತದೆ, ಉಬ್ಬುತ್ತದೆ, ಲಿಥಿಯಂ ಆಗಿದ್ದರೆ ಹೊತ್ತಿಕೊಳ್ಳಲೂಬಹುದು. ಎರಡನೆಯದು ಇಲ್ಲದಿದ್ದರೆ ಶಾಕ್ ಹೊಡೆಯುತ್ತದೆ. ಮುಂದೆ ಹೇಳುವ ಎಲ್ಲ ಪರೀಕ್ಷೆಗಳೂ ಈ ಎರಡನ್ನು ಪತ್ತೆ ಮಾಡುವುದಕ್ಕೇ.

ಒಂದು ಡಿಜಿಟಲ್ ಮಲ್ಟಿಮೀಟರ್ ಬೇಕಾಗುತ್ತದೆ. ಸಾಧಾರಣದ್ದೇ ಸಾಕು, ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಬ್ಯಾಟರಿ ಮತ್ತು ಚಾರ್ಜರ್‌ನ ಡಿಸಿ ಕಡೆ ಅಳೆಯಲು ಮಾತ್ರ ಬಳಸಿ. ಅಗ್ಗದ ಮೀಟರ್ ಹಿಡಿದು ಗೋಡೆಯ ಸಾಕೆಟ್‌ಗೆ ಕಡ್ಡಿ ಚುಚ್ಚಬೇಡಿ.

ಬ್ಯಾಟರಿ ಯಾವ ಜಾತಿಯದು?

ಮನೆಯಲ್ಲಿ ಓಡಾಡುವ ಚಾರ್ಜ್ ಬ್ಯಾಟರಿಗಳು ಮೂರು ಬಗೆ. ಗಡಿಯಾರ, ರಿಮೋಟು, ಆಟಿಕೆಗಳಿಗೆ ಹಾಕುವ ಪೆನ್ಸಿಲ್ ಸೆಲ್ ನಿಕಲ್‌ನದು, ಮೈಮೇಲೆ 1.2 ವೋಲ್ಟ್ ಎಂದಿರುತ್ತದೆ. ಈಗಿನ ಟಾರ್ಚುಗಳಲ್ಲಿರುವ, ಹೆಚ್ಚುಕಡಿಮೆ ಹೆಬ್ಬೆರಳಷ್ಟು ದಪ್ಪನೆಯ 18650 ಸೆಲ್ ಲಿಥಿಯಂನದು. ಅದರ ಮೇಲೆ 3.6 ಅಥವಾ 3.7 ವೋಲ್ಟ್ ಎಂದಿರುತ್ತದೆ, ಪೂರ್ತಿ ತುಂಬಿದಾಗ 4.2 ತೋರುತ್ತದೆ. ಸೊಳ್ಳೆ ಬ್ಯಾಟಿನೊಳಗೆ, ಹಳೆಯ ಮಾದರಿಯ ಟಾರ್ಚುಗಳಲ್ಲಿ 4 ವೋಲ್ಟಿನ, ಔಷಧಿ ಹೊಡೆಯುವ ಬೆನ್ನಿನ ಸ್ಪ್ರೇಯರ್‌ನಲ್ಲಿ 12 ವೋಲ್ಟಿನ ಸೀಸದ ಬ್ಯಾಟರಿ. 1.5 ವೋಲ್ಟ್ ಎಂದು ಬರೆದ ಮಾಮೂಲಿ ಸೆಲ್ಲುಗಳು ಈ ಲೆಕ್ಕಕ್ಕೇ ಬರುವುದಿಲ್ಲ. ಅವನ್ನು ಚಾರ್ಜರ್‌ಗೆ ಹಾಕಿದರೆ ಒಳಗೆ ಗ್ಯಾಸ್ ತುಂಬಿ ಸೋರುತ್ತವೆ, ಕೆಲವೊಮ್ಮೆ ಸಿಡಿಯುತ್ತವೆ.

ಜಾತಿ ಗೊತ್ತಿರಬೇಕಾದ ಕಾರಣ ಇಷ್ಟೇ: 'ಹೊಟ್ಟೆ ತುಂಬಿತು' ಎಂದು ಹೇಳುವ ರೀತಿ ಒಂದೊಂದಕ್ಕೂ ಬೇರೆ. ನಿಕಲ್ ಸೆಲ್ಲಿನ ವೋಲ್ಟೇಜು ಮೆಲ್ಲಗೆ ಏರುತ್ತ ಹೋಗಿ, ತುಂಬಿದಾಗ ಕೆಲವೇ ಮಿಲಿವೋಲ್ಟು ಕೆಳಗಿಳಿಯುತ್ತದೆ, ಅದೇ ಹೊತ್ತಿಗೆ ಬಿಸಿಯಾಗುತ್ತದೆ. ಒಳ್ಳೆಯ ಚಾರ್ಜರ್ ಆ ಸಣ್ಣ ಇಳಿತವನ್ನೇ ಕಾದು ಹಿಡಿಯುತ್ತದೆ. ಲಿಥಿಯಂಗೆ 4.2 ವೋಲ್ಟಿನ ಬೇಲಿ ಹಾಕಿ, ಕರೆಂಟು ತಾನಾಗಿ ಹತ್ತನೇ ಒಂದು ಪಾಲಿಗೆ ಇಳಿದ ಮೇಲೆ ನಿಲ್ಲಿಸಬೇಕು. ಸೀಸದ 12 ವೋಲ್ಟ್ ಬ್ಯಾಟರಿಯನ್ನು 14.4ರ ಆಸುಪಾಸಿಗೆ ಏರಿಸಿ, ಆಮೇಲೆ 13.8ರ ಒಳಗೆ ಇಳಿಸಿಡಬೇಕು. 'ಎಲ್ಲ ಬ್ಯಾಟರಿಗೂ ಒಂದೇ' ಎಂದು ಡಬ್ಬಿಯ ಮೇಲೆ ಬರೆದ, ಜಾತಿ ಗುರುತಿಸುವ ಸರ್ಕ್ಯೂಟೂ ಇಲ್ಲದ, ಆರಿಸಲು ಒಂದು ಸ್ವಿಚ್ಚೂ ಇಲ್ಲದ ಚಾರ್ಜರನ್ನು ಅಲ್ಲೇ ಬಿಟ್ಟು ಬನ್ನಿ.

ಅಂಗಡಿಯಲ್ಲೇ ನೋಡಬಹುದಾದ್ದು

ಪವರ್ ಅಡಾಪ್ಟರ್, ಪವರ್ ಬ್ಯಾಂಕ್, ನಿಕಲ್ ಮತ್ತು ಲಿಥಿಯಂ ಸೆಲ್ಲುಗಳು 2012ರ ಆದೇಶದಿಂದ ಶುರುವಾದ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಕಡ್ಡಾಯ ನೋಂದಣಿಯ ವ್ಯಾಪ್ತಿಗೆ ಬರುತ್ತವೆ. ಅಂಥ ಸಾಮಾನಿನ ಮೈಮೇಲೆ ಬಿಐಎಸ್ ಗುರುತು, ಐಎಸ್ ಸಂಖ್ಯೆ, ಜೊತೆಗೆ 'ಆರ್-' ಎಂದು ಶುರುವಾಗುವ 8 ಅಂಕಿಯ ನೋಂದಣಿ ಸಂಖ್ಯೆ ಇರಬೇಕು. ನಿಕಲ್, ಲಿಥಿಯಂ ಸೆಲ್ಲಿನ ಮೇಲೆ ಕಾಣುವ ಮಾನಕ ಐಎಸ್ 16046. ಅಡಾಪ್ಟರ್ ಮೇಲೆ ಬಹಳ ಕಾಲದಿಂದ ಕಾಣುತ್ತಿರುವುದು ಐಎಸ್ 13252.

ಸುಳ್ಳು ಗುರುತನ್ನು ಯಾರು ಬೇಕಾದರೂ ಅಚ್ಚು ಹಾಕಿಬಿಡಬಹುದು. ಆದ್ದರಿಂದ ಫೋನಿನಲ್ಲಿ 'ಬಿಐಎಸ್ ಕೇರ್' ಆ್ಯಪ್ ತೆರೆದು, ಆರ್-ಸಂಖ್ಯೆ ಪರಿಶೀಲಿಸುವ ಜಾಗದಲ್ಲಿ ಆ 8 ಅಂಕಿ ಹಾಕಿ. ತಯಾರಕರ ಹೆಸರು, ಬ್ರ್ಯಾಂಡು, ಸಾಮಾನಿನ ಬಗೆ ಬರುತ್ತದೆ. ಅಲ್ಲಿ ಬಂದ ಬ್ರ್ಯಾಂಡು ಬೇರೆ, ಕೈಯಲ್ಲಿರುವುದು ಬೇರೆ ಎಂದಾದರೆ ಯಾರದೋ ಸಂಖ್ಯೆ ಕದ್ದು ಅಂಟಿಸಿದ್ದಾರೆ ಎಂದೇ ಲೆಕ್ಕ. ನೋಂದಣಿ ಸಂಖ್ಯೆ ಬರೀ ರಟ್ಟಿನ ಡಬ್ಬಿಯ ಮೇಲಿದ್ದು ಚಾರ್ಜರ್ ಮೈಮೇಲೆ ಇಲ್ಲದಿದ್ದರೂ ಅನುಮಾನ ಪಡಿ. 'ಸಿಇ' ಎಂಬ ಗುರುತನ್ನು ಅಂಗಡಿಯವರು ತೋರಿಸಬಹುದು. ಅದು ಯುರೋಪಿನ ಮಾರುಕಟ್ಟೆಗೆ ತಯಾರಕರು ತಾವೇ ಘೋಷಿಸಿಕೊಳ್ಳುವ ಗುರುತು, ನಮ್ಮಲ್ಲಿ ಅದಕ್ಕೆ ಬೆಲೆಯಿಲ್ಲ.

ಆಮೇಲೆ ಪಿನ್ನು ನೋಡಿ. ನಮ್ಮ 6 ಆಂಪ್ ಸಾಕೆಟ್ಟಿಗೆ ಬೇಕಾದ ಪಿನ್ನು ಸುಮಾರು 5 ಮಿ.ಮೀ. ದಪ್ಪ. ಹೊರದೇಶದ ಮಾದರಿಯದು 4 ಮಿ.ಮೀ. ತೆಳು ಪಿನ್ನು ಸಾಕೆಟ್ಟಿನೊಳಗೆ ಅಲ್ಲಾಡುತ್ತದೆ, ಚಿಟಚಿಟ ಎಂದು ಕಿಡಿ ಹಾರುತ್ತದೆ, ಪ್ಲಾಸ್ಟಿಕ್ ಕರಗಿದ ವಾಸನೆ ಬರುತ್ತದೆ. ಮೈಸೂರಿನ ಹಳೆಯ ಮನೆಗಳ ಸವೆದ ಸಾಕೆಟ್ಟುಗಳಲ್ಲಂತೂ ಇದು ಮಾಮೂಲು. ಚಪ್ಪಟೆ ಪಿನ್ನಿನದಕ್ಕೆ ಹತ್ತು ರೂಪಾಯಿಯ ಕನ್ವರ್ಟರ್ ಸಿಕ್ಕಿಸಿ ಕೊಟ್ಟರೆ ತೆಗೆದುಕೊಳ್ಳಬೇಡಿ.

ಪೆನ್ಸಿಲ್ ಸೆಲ್ಲಿನ ಚಾರ್ಜರ್ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಒಂದೇ: 'ಇದರಲ್ಲಿ ಒಂದೇ ಒಂದು ಸೆಲ್ ಹಾಕಿ ಚಾರ್ಜ್ ಮಾಡಬಹುದಾ?' ಎರಡು ಅಥವಾ ನಾಲ್ಕು ಮಾತ್ರ ಹಾಕಬೇಕು ಎಂದರೆ, ಸೆಲ್ಲುಗಳನ್ನು ಜೋಡಿ ಜೋಡಿಯಾಗಿ ಒಂದೇ ಸರದಲ್ಲಿ ಪೋಣಿಸಿದ್ದಾರೆ. ಜೋಡಿಯಲ್ಲಿ ಒಂದು ಅರ್ಧ ತುಂಬಿದ್ದು ಇನ್ನೊಂದು ಖಾಲಿಯಿದ್ದರೆ, ಖಾಲಿಯದು ತುಂಬುವಷ್ಟರಲ್ಲಿ ಅರ್ಧದ್ದು ಬೆಂದಿರುತ್ತದೆ. ಒಂದೊಂದು ಸೆಲ್ಲನ್ನೂ ಬೇರೆ ಬೇರೆಯಾಗಿ ನೋಡಿಕೊಳ್ಳುವ, ನಾಲ್ಕು ಮನೆಗೂ ನಾಲ್ಕು ಪುಟ್ಟ ದೀಪವಿರುವ ಚಾರ್ಜರ್‌ಗೆ ಎರಡು ಮೂರು ಪಟ್ಟು ದುಡ್ಡು ಹೆಚ್ಚಾಗುತ್ತದೆ. ಉಳಿದೆಲ್ಲದರಲ್ಲಿ ಚೌಕಾಸಿ ಮಾಡಿ, ಇದೊಂದರಲ್ಲಿ ಬೇಡ.

ಮನೆ ಕರೆಂಟು ಕೈಗೆ ತಾಗುತ್ತದೆಯೇ?

ಪ್ಲಗ್ಗಿನ ಪಿನ್ನು ಮೈಯಿಂದಲೇ ಮಡಚಿ ಹೊರಬರುವ ಟಾರ್ಚು, ಸೊಳ್ಳೆ ಬ್ಯಾಟುಗಳ ಒಳಗೆ ಮನೆ ಲೈನನ್ನು ಬೇರೆ ಇಡುವ ಟ್ರಾನ್ಸ್‌ಫಾರ್ಮರ್ ಇರುವುದು ಅಪರೂಪ. 1 ಮೈಕ್ರೋಫ್ಯಾರಡ್, 400 ವೋಲ್ಟಿನ ಒಂದು ಕೆಪಾಸಿಟರು, ನಾಲ್ಕು ಡಯೋಡು, ಒಂದು ರೆಸಿಸ್ಟರು, ಅಷ್ಟೇ. 50 ಹರ್ಟ್ಸಿನಲ್ಲಿ ಆ ಕೆಪಾಸಿಟರು ಸುಮಾರು 3,200 ಓಮಿನ ತಡೆ ಒಡ್ಡುತ್ತದೆ. 230 ವೋಲ್ಟಿಗೆ ಲೆಕ್ಕ ಹಾಕಿದರೆ ಸುಮಾರು 72 ಮಿಲಿಆಂಪ್ ಹರಿಯುತ್ತದೆ. ಕೆಲಸವೇನೋ ಆಗುತ್ತದೆ. ಆದರೆ ಒಳಗಿನ ಬ್ಯಾಟರಿಯ ಎರಡೂ ತುದಿ ನೇರವಾಗಿ ಮನೆ ಲೈನಿಗೆ ಅಂಟಿಕೊಂಡಿರುತ್ತವೆ. ಮೀಟರ್ ಹಿಡಿದರೆ ಬ್ಯಾಟರಿಯ ಎರಡು ತುದಿಗಳ ನಡುವೆ ಬರೀ 4 ವೋಲ್ಟು. ನೆಲದ ಮೇಲೆ ಬರಿಗಾಲಲ್ಲಿ ನಿಂತು ಯಾವುದೇ ಒಂದು ತುದಿ ಮುಟ್ಟಿದರೂ ಶಾಕ್ ಹೊಡೆಯುತ್ತದೆ. ಚಾರ್ಜಿಗೆ ಹಾಕಿದ ಟಾರ್ಚನ್ನು ಹಚ್ಚಿ ನೋಡುವುದು, ಚಾರ್ಜಿಗಿಟ್ಟ ಬ್ಯಾಟಿನಲ್ಲೇ ಸೊಳ್ಳೆ ಹೊಡೆಯುವುದು ಈ ಕಾರಣಕ್ಕೇ ಅಪಾಯ.

ಪತ್ತೆ ಮಾಡುವ ಕ್ರಮ ಹೀಗೆ:

1. ಚಾರ್ಜರನ್ನು ಬೋರ್ಡಿನಿಂದ ಕಿತ್ತು 5 ನಿಮಿಷ ಬಿಡಿ. ಸೆಲ್ ತೆಗೆಯಲು ಬರುವಂತಿದ್ದರೆ ತೆಗೆಯಿರಿ.
2. ಮೀಟರನ್ನು ಡಯೋಡ್ ಗುರುತಿಗೆ (ಬಾಣದ ತುದಿಗೆ ಅಡ್ಡಗೆರೆ ಎಳೆದದ್ದು) ತಿರುಗಿಸಿ. ಒಂದು ಕಡ್ಡಿ ಪ್ಲಗ್ಗಿನ ಒಂದು ಪಿನ್ನಿಗೆ, ಇನ್ನೊಂದು ಸೆಲ್ ಕೂರುವ ಲೋಹದ ಕ್ಲಿಪ್ಪಿಗೆ. ಎರಡು ಪಿನ್ನು, ಎರಡು ಕ್ಲಿಪ್ಪು, ಪ್ರತಿಸಲವೂ ಕೆಂಪು ಕಪ್ಪು ಅದಲುಬದಲು. ಒಟ್ಟು 8 ಸಲ ನೋಡಬೇಕು.
3. ಅದೇ 8 ಅಳತೆಯನ್ನು 20 ಮೆಗಾಓಮ್ ಜಾಗದಲ್ಲಿ ಮತ್ತೆ ಮಾಡಿ. ಕಡ್ಡಿಯ ಲೋಹದ ತುದಿಗೆ ನಿಮ್ಮ ಬೆರಳು ತಾಗಬಾರದು, ತಾಗಿದರೆ ಮೀಟರ್ ನಿಮ್ಮ ಮೈಯನ್ನೇ ಅಳೆಯುತ್ತದೆ.

ಎಲ್ಲದರಲ್ಲೂ 'ಓಎಲ್' ಅಥವಾ ಎಡಗಡೆ ಒಂಟಿ '1' ಬಂದರೆ ಎರಡೂ ಕಡೆ ಬೇರೆ ಬೇರೆಯಾಗಿವೆ. ಡಯೋಡ್ ಜಾಗದಲ್ಲಿ 500ರಿಂದ 700ರ ನಡುವಿನ ಅಂಕಿಯೋ, ಓಮ್ ಜಾಗದಲ್ಲಿ ನಿಂತ ಅಂಕಿಯೋ ಒಂದೇ ಒಂದು ಸಲ ಬಂದರೂ ಬೇರ್ಪಡಿಕೆ ಇಲ್ಲ. ಕ್ಲಿಪ್ಪು ಹೊರಗೆ ಕಾಣುವ ಪೆನ್ಸಿಲ್ ಸೆಲ್ ಚಾರ್ಜರ್ ಹೀಗೆ ತೋರಿಸಿದರೆ ಪಿನ್ನು ಮುರಿದು ಎಸೆಯಿರಿ, ಬೇರೆಯವರಿಗೆ ಕೊಡಬೇಡಿ. ಟಾರ್ಚು, ಬ್ಯಾಟಿನಂಥ ಪೂರ್ತಿ ಮುಚ್ಚಿದ ಸಾಮಾನಿನಲ್ಲಿ ಕ್ಲಿಪ್ಪು ಸಿಗುವುದಿಲ್ಲ. ಅವನ್ನು ಪರೀಕ್ಷೆ ಇಲ್ಲದೆಯೇ 'ಬೇರ್ಪಡಿಕೆ ಇಲ್ಲದ್ದು' ಎಂದು ಇಟ್ಟುಕೊಳ್ಳಿ: ಪ್ಲಾಸ್ಟಿಕ್ ಬಿರಿದಿದ್ದರೆ ಚಾರ್ಜಿಗೆ ಹಾಕುವಂತಿಲ್ಲ, ಚಾರ್ಜಿನಲ್ಲಿರುವಾಗ ಮುಟ್ಟುವಂತಿಲ್ಲ, ಮೊದಲು ಸ್ವಿಚ್ಚು ಆರಿಸಿ ಆಮೇಲೆ ಕೀಳಬೇಕು. ಕಿತ್ತ ಮೇಲೂ ಪಿನ್ನು ಮುಟ್ಟಬೇಡಿ. ಕೆಪಾಸಿಟರಿನ ಪಕ್ಕ ಇರಬೇಕಾದ 1 ಮೆಗಾಓಮ್ ರೆಸಿಸ್ಟರನ್ನು ಹಾಕದಿದ್ದರೆ, ಆ ಪಿನ್ನುಗಳಲ್ಲಿ 325 ವೋಲ್ಟಿನವರೆಗೂ ಉಳಿದಿರುತ್ತದೆ. ಜೀವ ಹೋಗುವಷ್ಟಿಲ್ಲ, ಕೈಲಿದ್ದ ಮಗುವನ್ನು ಬೀಳಿಸುವಷ್ಟಿದೆ.

ಟೆಸ್ಟರ್ ಸ್ಕ್ರೂಡ್ರೈವರ್ ಮುಟ್ಟಿಸಿ ತೀರ್ಪು ಹೇಳುವುದು ರೂಢಿ. ಈ ಕೆಲಸಕ್ಕೆ ಅದು ಸಾಲದು. ಒಳ್ಳೆಯ ಎರಡು ಪಿನ್ನಿನ ಅಡಾಪ್ಟರಿನಲ್ಲೂ ರೇಡಿಯೋಗೆ ಕರಕರ ಬಾರದಂತೆ ತಡೆಯುವ ಕೆಪಾಸಿಟರ್ ಮೂಲಕ ತೀರಾ ಸಣ್ಣ ಸೋರಿಕೆ ಇದ್ದು ಟೆಸ್ಟರ್ ಮಂಕಾಗಿ ಉರಿಯಬಹುದು, ಕೈಗೆ ನವಿರಾಗಿ ಜುಮ್ ಅನ್ನಬಹುದು. ಅದು 0.25 ಮಿಲಿಆಂಪಿನ ಒಳಗಿರಬೇಕೆಂಬ ಮಿತಿಯಿದೆ. ತೊಂದರೆ ಏನೆಂದರೆ, ಅಗ್ಗದ ಅಡಾಪ್ಟರಿನಲ್ಲಿ ಆ ಜಾಗಕ್ಕೆ 'ವೈ1' ಎಂದು ಅಚ್ಚಾದ ಕೆಪಾಸಿಟರ್ ಬದಲು ಮಾಮೂಲಿ ನೀಲಿ ಬಿಲ್ಲೆ ಹಾಕಿರುತ್ತಾರೆ. ವೈ ದರ್ಜೆಯದು ಕೆಟ್ಟರೆ ಲೈನು ಕಡಿದುಕೊಳ್ಳುವಂತೆ ಮಾಡಿದ್ದು, ಮಾಮೂಲಿಯದು ಕೆಟ್ಟರೆ ಕೂಡಿಕೊಳ್ಳಬಹುದು. ಆಗ 230 ವೋಲ್ಟು ನೇರ ಈಚೆಗೆ. ಇದನ್ನು ಒಳಗೆ ಬಿಚ್ಚಿ ನೋಡುವುದು ರಿಪೇರಿಯವರ ಕೆಲಸ. ಅವರ ಬಳಿ ಬಿಚ್ಚಿಸಿದರೆ ಇನ್ನೊಂದನ್ನೂ ತೋರಿಸಿಕೊಳ್ಳಿ: ಬೋರ್ಡಿನ ಹಿಂಬದಿಯಲ್ಲಿ ಮನೆ ಲೈನಿನ ತಾಮ್ರಕ್ಕೂ ಹೊರಹೋಗುವ ಲೈನಿನ ತಾಮ್ರಕ್ಕೂ ನಡುವೆ 6 ಮಿ.ಮೀ.ನಷ್ಟು ಬರಿ ಜಾಗ ಇದೆಯೇ ಎಂದು. ಬೆಸುಗೆ ಚುಕ್ಕಿಗಳು ಅಕ್ಕಪಕ್ಕ ಕೂತಿದ್ದರೆ ಮಳೆಗಾಲದ ತೇವಕ್ಕೋ ಒಳಹೊಕ್ಕ ಒಂದು ಇರುವೆಗೋ ಸೇತುವೆ ಕಟ್ಟಲು ಕಷ್ಟವೇನಿಲ್ಲ.

ಮನೆಯಲ್ಲಿ, ಕರೆಂಟು ಸೋರಿದರೆ ಲೈನು ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಇದ್ದರೆ ಇಂಥ ಶಾಕನ್ನು ಅದು ಸೆಕೆಂಡಿನ ಸಣ್ಣ ಭಾಗದಲ್ಲಿ ಕಡಿಯುತ್ತದೆ. ಎಂಸಿಬಿ ಕಡಿಯುವುದಿಲ್ಲ, ಅದು ಇರುವುದು ವೈರು ಸುಡದಂತೆ ಕಾಯಲು. ಎರಡೂ ಒಂದೇ ಎಂದು ತಿಳಿದವರು ಬಹಳ ಮಂದಿ.

ಮೊದಲ ಚಾರ್ಜು: ಎದುರಿಗೆ ಕೂತು ನೋಡಿ

ಹೊಸ ಚಾರ್ಜರನ್ನು ಮೊದಲ ಸಲ ಬೆಳಗ್ಗೆ ಹಾಕಿ, ರಾತ್ರಿ ಹಾಕಬೇಡಿ. ಮೊದಲ 10 ನಿಮಿಷ ಸೆಲ್ ಇಲ್ಲದೆ ಬೋರ್ಡಿಗೆ ಸಿಕ್ಕಿಸಿ: ಗುಂಯ್‌ಗುಡುತ್ತದೆಯೇ, ವಾಸನೆಯೇ, ಬಿಸಿಯೇ. ಆಮೇಲೆ ಸ್ವಿಚ್ಚು ಆರಿಸಿ ಸೆಲ್ ಕೂರಿಸಿ ಮತ್ತೆ ಹಾಕಿ. ಪ್ರತಿ ಅರ್ಧ ಗಂಟೆಗೆ ಸ್ವಿಚ್ಚು ಆರಿಸಿ ಸೆಲ್ ಮುಟ್ಟಿ ನೋಡಿ. ಮುಷ್ಟಿಯಲ್ಲಿ ಹಿಡಿದು ನಿಧಾನವಾಗಿ ಹತ್ತು ಎಣಿಸಲಾಗದಿದ್ದರೆ 55 ಡಿಗ್ರಿ ದಾಟಿದೆ ಎಂದು ಅಂದಾಜು. ನಿಕಲ್ ಸೆಲ್ಲು ಕೊನೆಯಲ್ಲಿ ಬೆಚ್ಚಗಾಗುವುದು ಸಹಜ, ಸುಡುವುದು ಸಹಜವಲ್ಲ. ಲಿಥಿಯಂ ಸೆಲ್ಲು ಉಗುರುಬೆಚ್ಚಗಿನದಕ್ಕಿಂತ ಹೆಚ್ಚು ಬಿಸಿಯಾಗಲೇಬಾರದು. ಅದರ ಚಾರ್ಜಿನ ಮಿತಿ ಸಾಮಾನ್ಯವಾಗಿ 45 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ಮಂಡ್ಯದ ತಗಡಿನ ಚಾವಣಿಯ ಕೆಳಗೆ ಗಾಳಿಯೇ ಅದಕ್ಕೆ ಹತ್ತಿರ ಇರುತ್ತದೆ, ಚಾರ್ಜರಿನ ಬಿಸಿಗೆ ಜಾಗ ಎಲ್ಲಿ? ಬೇಸಿಗೆಯಲ್ಲಿ ಬೆಳಗಿನ ಜಾವವೇ ಸರಿ.

ಕೆಂಪು ದೀಪವನ್ನು ನಂಬಬೇಡಿ. ಬಹಳಷ್ಟು ಅಗ್ಗದ ಚಾರ್ಜರಿನಲ್ಲಿ ಆ ದೀಪ ಹೇಳುವುದು 'ಲೈನಿನಲ್ಲಿ ಕರೆಂಟಿದೆ' ಎಂದು ಮಾತ್ರ. ಪರೀಕ್ಷೆ ಸುಲಭ. ಬೇರೆ ಒಳ್ಳೆಯ ಚಾರ್ಜರಿನಲ್ಲಿ ತುಂಬಿಸಿದ ಸೆಲ್ಲನ್ನು ಇದರಲ್ಲಿ ಹಾಕಿ. ಒಂದು ಗಂಟೆಯಾದರೂ ದೀಪ ಬದಲಾಗದಿದ್ದರೆ, ಸೆಲ್ಲು ಬಿಸಿಯಾಗುತ್ತ ಹೋದರೆ, ಇದಕ್ಕೆ ನಿಲ್ಲಿಸುವುದು ಗೊತ್ತಿಲ್ಲ.

ಪೆನ್ಸಿಲ್ ಸೆಲ್ಲಿಗೆ ಗಂಟೆಯ ಲೆಕ್ಕ

ನಿಲ್ಲಿಸಲು ಬಾರದ ಚಾರ್ಜರಿಗೆ ನೀವೇ ಗಡಿಯಾರವಾಗಬೇಕು. ಸೆಲ್ಲಿನ ಮೇಲಿನ ಎಂಎಎಚ್ (ಎಷ್ಟು ಚಾರ್ಜು ಹಿಡಿಸುತ್ತದೆ ಎನ್ನುವ) ಅಂಕಿಯನ್ನು ಚಾರ್ಜರಿನ ಮೇಲಿನ ಮಿಲಿಆಂಪ್ ಅಂಕಿಯಿಂದ ಭಾಗಿಸಿ, 1.4ರಿಂದ ಗುಣಿಸಿ. 2000 ಎಂಎಎಚ್ ಸೆಲ್ಲು, 200 ಮಿಲಿಆಂಪ್ ಚಾರ್ಜರು: 14 ಗಂಟೆ. 150 ಮಿಲಿಆಂಪ್ ಆದರೆ 18ರಿಂದ 19 ಗಂಟೆ. ಅದೇ 200ರ ಚಾರ್ಜರಿಗೆ 800 ಎಂಎಎಚ್‌ನ ಸಣ್ಣ ಪೆನ್ಸಿಲ್ ಸೆಲ್ ಹಾಕಿದರೆ ಐದೂವರೆ ಗಂಟೆಗೇ ಮುಗಿಯುತ್ತದೆ. ದೊಡ್ಡದಕ್ಕೂ ಸಣ್ಣದಕ್ಕೂ 'ರಾತ್ರಿ ಹಾಕಿ ಬೆಳಗ್ಗೆ ತೆಗಿ' ಎಂಬ ಒಂದೇ ಲೆಕ್ಕ ನಡೆಸಿದ್ದರಿಂದಲೇ ಸಣ್ಣ ಸೆಲ್ಲುಗಳು ಬೇಗ ಸತ್ತಿರುವುದು. ಪೂರ್ತಿ ಖಾಲಿಯಾಗಿಲ್ಲದ ಸೆಲ್ಲಿಗೆ ಈ ಲೆಕ್ಕವೂ ಹೆಚ್ಚೇ. ಸೆಲ್ಲಿನ ಮೇಲೆ 3000ಕ್ಕಿಂತ ಹೆಚ್ಚು ಬರೆದಿದ್ದರೆ ಆ ಅಂಕಿಯನ್ನೇ ನಂಬಬೇಡಿ, ಪೆನ್ಸಿಲ್ ಸೆಲ್ಲಿನಲ್ಲಿ ಅಷ್ಟು ಹಿಡಿಸುವುದಿಲ್ಲ. ಸುಳ್ಳು ಅಂಕಿ ಹಿಡಿದು ಗಂಟೆ ಲೆಕ್ಕ ಹಾಕಿದರೆ ಸೆಲ್ಲು ಬೇಯುತ್ತದೆ.

ಸ್ವಲ್ಪ ಮೇಲ್ದರ್ಜೆಯ ನಿಧಾನ ಚಾರ್ಜರುಗಳಲ್ಲಿ ಟೈಮರ್ ಇರುತ್ತದೆ. ಕರೆಂಟು ಸಣ್ಣದಾದಾಗ ಆ ಮಿಲಿವೋಲ್ಟಿನ ಇಳಿತ ಸರಿಯಾಗಿ ಕಾಣದ್ದರಿಂದ ಗಡಿಯಾರವನ್ನೇ ನಂಬುತ್ತಾರೆ. ಇದರ ಹುಳುಕು ಹೊರಬೀಳುವುದು ಕರೆಂಟು ಹೋಗಿ ಬಂದಾಗ: ಟೈಮರ್ ಮತ್ತೆ ಸೊನ್ನೆಯಿಂದ ಎಣಿಸುತ್ತದೆ. 12 ಗಂಟೆ ತುಂಬಿದ ಸೆಲ್ಲಿಗೆ ಮತ್ತೆ 14 ಗಂಟೆ. ಹಳ್ಳಿ ಲೈನಿನಲ್ಲಿ ದಿನಕ್ಕೆ ಮೂರು ಸಲ ಹೋಗಿ ಬಂದರೆ ಅದು ನಿಲ್ಲುವುದೇ ಇಲ್ಲ. ಗೋಡೆ ಸಾಕೆಟ್ಟಿಗೆ ಹಾಕುವ, ಕೈಯಿಂದ ತಿರುಗಿಸುವ ಮೆಕ್ಯಾನಿಕಲ್ ಟೈಮರ್ ಇಲ್ಲಿ ಉಪಕಾರಕ್ಕೆ ಬರುತ್ತದೆ. ಲೈನಿನ ಕರೆಂಟಿನಿಂದಲೇ ತಿರುಗುವ ಬಗೆಯದು ಕರೆಂಟು ಹೋದಾಗ ತಾನೂ ನಿಲ್ಲುತ್ತದೆ, ಹಾಗಾಗಿ ಚಾರ್ಜು ಆದ ಗಂಟೆಯನ್ನಷ್ಟೇ ಲೆಕ್ಕ ಹಿಡಿಯುತ್ತದೆ. 24 ಗಂಟೆಯ ಚಕ್ರದ್ದಾದರೆ ಮರುದಿನ ತಾನಾಗಿ ಮತ್ತೆ ಶುರು ಮಾಡುತ್ತದೆ, ಕೆಲಸ ಆದ ಮೇಲೆ ಕಿತ್ತಿಡಿ.

ಟಾರ್ಚಿನ ಲಿಥಿಯಂ ಸೆಲ್ಲು

ರಾತ್ರಿ ತ್ರೀ ಫೇಸ್ ಬಂದಾಗ ಗದ್ದೆಗೆ ನೀರು ಕಟ್ಟಲು ಹೋಗುವವರಿಗೆ, ಕಬ್ಬಿನ ಬಯಲಲ್ಲಿ ಚಿರತೆ ಭಯ ಇರುವ ಕಡೆ, ಜೋರು ಬೆಳಕಿನ ಟಾರ್ಚು ಬೇಕೇ ಬೇಕು. ಅದರೊಳಗಿನ 18650 ಸೆಲ್ಲಿನ ಮೇಲೆ 6800, 9900 ಎಂದು ಬರೆದಿದ್ದರೆ ಅದು ಸುಳ್ಳು. ಆ ಅಳತೆಯ ಒಳ್ಳೆಯ ಸೆಲ್ಲಿನಲ್ಲಿ ಹಿಡಿಸುವುದು 3500 ಎಂಎಎಚ್ ಆಸುಪಾಸು. ಅಡುಗೆ ಮನೆಯ ತಕ್ಕಡಿಯಲ್ಲಿಟ್ಟು ನೋಡಿ: ಅಸಲಿ ಸೆಲ್ಲು 45ರಿಂದ 48 ಗ್ರಾಂ ತೂಗುತ್ತದೆ. 35ರ ಕೆಳಗಿದ್ದರೆ ಹೊದಿಕೆಯೊಳಗೆ ಸಣ್ಣ ಸೆಲ್ಲು ಕೂರಿಸಿದ್ದಾರೆ ಅಥವಾ ಒಳಗೆ ಸರಕೇ ಕಡಿಮೆ. ತೂಕ ಸರಿಯಿದ್ದ ಮಾತ್ರಕ್ಕೆ ಹೊಸದೆಂದೂ ಅಲ್ಲ. ಹಳೆಯ ಲ್ಯಾಪ್‌ಟಾಪಿನಿಂದ ಬಿಚ್ಚಿದ್ದಕ್ಕೆ ಹೊಸ ಬಣ್ಣದ ಕವಚ ತೊಡಿಸಿದ್ದಿರಬಹುದು. ತುದಿಯಲ್ಲಿ ಬೆಸುಗೆ ಕಿತ್ತ ಕಲೆ ಕಂಡರೆ ಅದೇ.

ಚಾರ್ಜು ಮುಗಿದಂತೆ ಕಂಡಾಗ ಸೆಲ್ಲು ತೆಗೆದು, ಮೀಟರನ್ನು ಡಿಸಿ 20ಕ್ಕೆ ಇಟ್ಟು ಅಳೆಯಿರಿ. 4.15ರಿಂದ 4.20 ಬಂದರೆ ಸರಿ. 4.25 ದಾಟಿದರೆ ಆ ಚಾರ್ಜರನ್ನು ಮತ್ತೆ ಮುಟ್ಟಬೇಡಿ. ಇದು ಹೀಗಾಗಲು ಸಾಮಾನ್ಯ ಕಾರಣವೊಂದಿದೆ. ಯುಎಸ್‌ಬಿ ತೂತಿರುವ ಅಗ್ಗದ ಟಾರ್ಚುಗಳಲ್ಲಿ ಚಾರ್ಜು ನಿಯಂತ್ರಿಸುವ ಚಿಪ್ಪು (ಐಸಿ) ಹಾಕದೆ, 5 ವೋಲ್ಟಿಗೆ ಒಂದು ಡಯೋಡು ಅಡ್ಡ ಇಟ್ಟು ನೇರ ಸೆಲ್ಲಿಗೆ ಕೊಟ್ಟಿರುತ್ತಾರೆ. ಡಯೋಡು 0.7 ತಿಂದರೂ ಉಳಿಯುವುದು 4.3. ಮಿತಿ ಮೀರಿದ ಸೆಲ್ಲಿನಲ್ಲಿ ಲಿಥಿಯಂ ಲೋಹವಾಗಿ ಪದರಗಟ್ಟುತ್ತದೆ, ಒಳಗಿನ ದ್ರವ ಒಡೆದು ಗ್ಯಾಸಾಗುತ್ತದೆ. ಒಂದೇ ದಿನಕ್ಕೆ ಹೊತ್ತಿಕೊಳ್ಳದೆ ಇರಬಹುದು. ಹತ್ತು ಇಪ್ಪತ್ತು ಸಲ ಹೀಗಾದ ಮೇಲೆ ಯಾವ ದಿನ ಎಂದು ಹೇಳಲಾಗದು.

ಇನ್ನೊಂದು ತುದಿಯೂ ಅಷ್ಟೇ ಮುಖ್ಯ. ಬೀರುವಿನಲ್ಲಿ ವರ್ಷಗಟ್ಟಲೆ ಬಿದ್ದ ಸೆಲ್ಲು 2 ವೋಲ್ಟಿಗಿಂತ ಕೆಳಗಿದ್ದರೆ ಎಬ್ಬಿಸಲು ಹೋಗಬೇಡಿ. ಅಷ್ಟು ಇಳಿದಾಗ ಒಳಗಿನ ತಾಮ್ರದ ಹಾಳೆ ಕರಗಿರುತ್ತದೆ. ಮತ್ತೆ ಚಾರ್ಜು ಕೊಟ್ಟರೆ ಆ ತಾಮ್ರ ಬೇಡದ ಜಾಗದಲ್ಲಿ ಕೂತು ಒಳಗೇ ಶಾರ್ಟ್ ಮಾಡುತ್ತದೆ. ಬೇರೊಂದು ಬ್ಯಾಟರಿಯಿಂದ ವೈರು ಮುಟ್ಟಿಸಿ 'ಜೀವ ಕೊಡುವ' ವಿಡಿಯೋಗಳು ಬೇಕಾದಷ್ಟಿವೆ, ನೋಡಿ ನಕ್ಕು ಬಿಡಿ.

ಸ್ಪ್ರೇಯರ್: ಜ್ಯಾಕ್ ಒಂದೇ, ಬ್ಯಾಟರಿ ಬೇರೆ

ಭತ್ತ, ಕಬ್ಬು, ಟೊಮೆಟೊ ಬೆಳೆಯುವ ಮನೆಗಳಲ್ಲಿ ಬೆನ್ನಿನ ಬ್ಯಾಟರಿ ಸ್ಪ್ರೇಯರ್ ಈಗ ಸಾಮಾನ್ಯ. ಹೆಚ್ಚಿನವುಗಳಲ್ಲಿ 12 ವೋಲ್ಟ್, 8 ಆಂಪ್-ಅವರಿನ ಸೀಸದ ಬ್ಯಾಟರಿ. 0.8 ಆಂಪಿನ ಚಾರ್ಜರಾದರೆ ಪೂರ್ತಿ ಖಾಲಿಯಿಂದ 12 ಗಂಟೆ, 1.5 ಆಂಪಿನದಾದರೆ 6ರಿಂದ 7 ಗಂಟೆ. ಕೊನೆಯ ಹೊತ್ತಿಗೆ ಚಾರ್ಜಿನಲ್ಲಿರುವಾಗಲೇ ಬ್ಯಾಟರಿ ತುದಿಯಲ್ಲಿ ಅಳೆದರೆ 14.4 ಆಸುಪಾಸು ಇರಬೇಕು, ಬಿರುಬೇಸಿಗೆಯಲ್ಲಿ 14.1 ಸಾಕು. ಬಿಸಿ ಹೆಚ್ಚಿದಂತೆ ಈ ಬ್ಯಾಟರಿಗೆ ಬೇಕಾದ ವೋಲ್ಟೇಜು ಇಳಿಯುತ್ತದೆ. 15 ದಾಟಿ ಏರುತ್ತಲೇ ಇದ್ದರೆ ಚಾರ್ಜರ್ ಕಣ್ಣು ಮುಚ್ಚಿಕೊಂಡು ತುಂಬುತ್ತಿದೆ. ಒಳಗಿನ ನೀರು ಹೈಡ್ರೋಜನ್ ಮತ್ತು ಆಮ್ಲಜನಕವಾಗಿ ಒಡೆದು ಹೋಗುತ್ತದೆ, ಬ್ಯಾಟರಿ ಒಣಗಿ ಪಕ್ಕೆ ಉಬ್ಬುತ್ತದೆ. ಮುಚ್ಚಿದ ಪಂಪ್‌ಸೆಟ್ ಮನೆಯಲ್ಲಿ ಆ ಗ್ಯಾಸು ಸೇರಿಕೊಂಡರೆ ಸ್ಟಾರ್ಟರಿನ ಒಂದು ಕಿಡಿ ಸಾಕು.

ಚಾರ್ಜು ನಿಲ್ಲಿಸಿ ಎರಡು ಮೂರು ಗಂಟೆ ಬಿಟ್ಟು ಅಳೆದಾಗ 12.7, 12.8 ಇದ್ದರೆ ಬ್ಯಾಟರಿ ಗಟ್ಟಿಯಾಗಿದೆ. ರಾತ್ರಿಯಿಡೀ ಚಾರ್ಜಾಗಿಯೂ ಬೆಳಗ್ಗೆ 12.2 ಇದ್ದರೆ ಬ್ಯಾಟರಿ ಸೋತಿದೆ. ಅದಕ್ಕೆ ಇನ್ನೂ ದೊಡ್ಡ ಚಾರ್ಜರ್ ತಂದರೆ ಬೇಗ ಸಾಯುತ್ತದೆ ಅಷ್ಟೆ.

ಈಗ ಎಲ್ಲರೂ ಗಮನಿಸಬೇಕಾದ ವಿಷಯ. ಹೊಸ ಸ್ಪ್ರೇಯರುಗಳಲ್ಲಿ, ಬ್ಯಾಟರಿ ಬದಲಿಸಿಕೊಟ್ಟ ಹಳೆಯವುಗಳಲ್ಲಿ, ಲಿಥಿಯಂ ಪ್ಯಾಕ್ ಬರುತ್ತಿದೆ. ಮೂರು ಸೆಲ್ ಪೋಣಿಸಿದ ಪ್ಯಾಕು ತುಂಬುವುದು 12.6 ವೋಲ್ಟಿಗೆ. ಐರನ್ ಫಾಸ್ಫೇಟ್ ಬಗೆಯ ನಾಲ್ಕು ಸೆಲ್ಲಿನದು 14.6ಕ್ಕೆ. ಎಲ್ಲವಕ್ಕೂ '12 ವೋಲ್ಟ್' ಎಂದೇ ಹೆಸರು, ಚಾರ್ಜರಿನ ದುಂಡನೆ ಜ್ಯಾಕ್ ಕೂಡ ಬಹುಪಾಲು ಒಂದೇ ಅಳತೆ. ಹಳೆಯ ಸೀಸದ ಬ್ಯಾಟರಿಯ 14.4 ವೋಲ್ಟ್ ಚಾರ್ಜರನ್ನು ಮೂರು ಸೆಲ್ಲಿನ ಲಿಥಿಯಂಗೆ ಸಿಕ್ಕಿಸಿದರೆ ಒಂದೊಂದು ಸೆಲ್ಲಿಗೂ 4.8 ವೋಲ್ಟು ನುಗ್ಗುತ್ತದೆ. ಒಳಗೆ ಸೆಲ್ಲುಗಳನ್ನು ಕಾಯುವ ಬಿಎಂಎಸ್ ಬೋರ್ಡು ಸರಿಯಿದ್ದರೆ ಕಡಿಯುತ್ತದೆ. ಅಗ್ಗದ ಪ್ಯಾಕಿನಲ್ಲಿ ಆ ಬೋರ್ಡು ಇರುತ್ತದೆಂಬ ಭರವಸೆಯಿಲ್ಲ. ಪಕ್ಕದ ಮನೆಯವರ ಚಾರ್ಜರ್ ಎರವಲು ತರುವ ನಮ್ಮ ಅಭ್ಯಾಸ ಇಲ್ಲಿ ಬೆಂಕಿಗೆ ದಾರಿ. ಹೊಸ ಬ್ಯಾಟರಿ ಹಾಕಿಸಿದ ದಿನವೇ ಅಂಗಡಿಯವರಿಂದ ಅದರ ಚಾರ್ಜರ್ ತೆಗೆದುಕೊಳ್ಳಿ, ಸ್ಪ್ರೇಯರಿನ ಜ್ಯಾಕ್ ಪಕ್ಕ ಮತ್ತು ಚಾರ್ಜರಿನ ಮೈಮೇಲೆ ಒಂದೇ ಬಣ್ಣದ ಟೇಪು ಸುತ್ತಿ ಪ್ಯಾಕ್ ಯಾವುದೋ ಅದರಂತೆ 'ಲಿಥಿಯಂ 12.6' ಅಥವಾ 'ಲಿಥಿಯಂ 14.6' ಎಂದು ಪೆನ್ನಿನಲ್ಲಿ ಬರೆಯಿರಿ. ಹಳೆಯ ಚಾರ್ಜರಿಗೂ 'ಸೀಸ' ಎಂದು ಬರೆದು ಬೇರೆ ಕಡೆ ಇಡಿ.

ಔಷಧಿ ಹೊಡೆದು ಬಂದ ಕೂಡಲೇ ಜ್ಯಾಕ್ ಸಿಕ್ಕಿಸಬೇಡಿ. ಸೋರಿದ ನೀರು ಬಟ್ಟೆಯಲ್ಲಿ ಒರೆಸಿ, ಜ್ಯಾಕಿನ ತೂತು ಒಣಗಿದೆಯೇ ನೋಡಿ, ಅರ್ಧ ಗಂಟೆ ನೆರಳಲ್ಲಿಟ್ಟು ಆಮೇಲೆ ಹಾಕಿ.

ಎಲ್ಲಿ ಇಟ್ಟು ಚಾರ್ಜು ಮಾಡಬೇಕು

ಕಡಪ ಕಲ್ಲಿನ ಮೇಲೆ, ಸಿಮೆಂಟ್ ನೆಲದ ಮೇಲೆ, ಸುತ್ತ ಮೂರಡಿ ಖಾಲಿ ಬಿಟ್ಟು. ಹಾಸಿಗೆ, ಸೋಫಾ, ದಿಂಬಿನ ಕೆಳಗೆ ಬೇಡ. ಹುಲ್ಲಿನ ಮೆದೆ, ಒಣ ಕಬ್ಬಿನ ಸೋಗೆ, ಗ್ಯಾಸ್ ಸಿಲಿಂಡರ್, ಪೆಟ್ರೋಲ್ ಬಾಟಲಿ ಇರುವ ಕಡೆ ಬೇಡವೇ ಬೇಡ. ಮನೆಯಿಂದ ಹೊರಗೆ ಹೋಗುವ ಬಾಗಿಲ ದಾರಿಯಲ್ಲೂ ಇಡಬೇಡಿ, ಹೊತ್ತಿಕೊಂಡರೆ ಓಡಲು ಅದೇ ದಾರಿ ಬೇಕು.

ಹಳ್ಳಿ ಕಡೆ ವೋಲ್ಟೇಜಿನ ಆಟ ಬೇರೆ. ಲೈನಿನ ತುದಿಯ ಊರುಗಳಲ್ಲಿ ಮೋಟರುಗಳೆಲ್ಲ ಓಡುವಾಗ ವೋಲ್ಟೇಜು ಕುಸಿಯುತ್ತದೆ, ಒಟ್ಟಿಗೆ ನಿಂತಾಗ ಏರುತ್ತದೆ. ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ ಕಡಿದರೆ ಮನೆಗೆ 230ರ ಜಾಗದಲ್ಲಿ 400ರ ಹತ್ತಿರವೂ ಬರಬಹುದು, ಅಗ್ಗದ ಟಾರ್ಚು, ಬ್ಯಾಟಿನೊಳಗಿನ 400 ವೋಲ್ಟಿನ ಕೆಪಾಸಿಟರು ಅದನ್ನು ತಡೆಯುವುದಿಲ್ಲ. ಬಲ್ಬುಗಳು ಕೆಲವು ಕಣ್ಣು ಕುಕ್ಕುವಂತೆ, ಕೆಲವು ಮಂಕಾಗಿ ಉರಿದರೆ ಅದೇ ಗುರುತು: ಮೇನ್ ಸ್ವಿಚ್ಚು ಇಳಿಸಿ 1912ಕ್ಕೆ ಫೋನ್ ಮಾಡಿ, ಈ ಕಡೆಯ ವಿದ್ಯುತ್ ಕಂಪನಿ ಸೆಸ್ಕ್‌ನ ದೂರು ಸಂಖ್ಯೆ ಅದೇ. ಕರೆಂಟು ಹೋದಾಗ ಚಾರ್ಜರ್ ಸ್ವಿಚ್ಚು ಆರಿಸಿ, ಬಂದು ಐದು ನಿಮಿಷವಾದ ಮೇಲೆ ಹಾಕಿ. ಗುಡುಗು ಮಿಂಚಿನ ಹೊತ್ತಿನಲ್ಲಿ ಪೂರ್ತಿ ಕಿತ್ತುಬಿಡಿ.

ಉಬ್ಬಿದರೆ, ಹೊಗೆ ಬಂದರೆ, ಶಾಕ್ ಹೊಡೆದರೆ

ಉಬ್ಬಿದ ಅಥವಾ ಹಣ್ಣಿನಂಥ ಸಿಹಿ ವಾಸನೆ ಬರುವ ಲಿಥಿಯಂ ಸೆಲ್ಲನ್ನು ಒತ್ತಬೇಡಿ, ಚುಚ್ಚಬೇಡಿ. ಸ್ವಿಚ್ಚು ಆರಿಸಿ, ತಣ್ಣಗಾಗಿದ್ದರೆ ಎರಡೂ ತುದಿಗೆ ಇನ್ಸುಲೇಶನ್ ಟೇಪು ಸುತ್ತಿ, ಒಣ ಮರಳು ತುಂಬಿದ ತಗಡಿನ ಡಬ್ಬಿಯಲ್ಲಿಟ್ಟು ಮನೆಯ ಹೊರಗೆ ನೆರಳಲ್ಲಿಡಿ. ಮುಚ್ಚಳವನ್ನು ಬಿಗಿ ಹಾಕಬೇಡಿ, ಗ್ಯಾಸು ಹೊರಹೋಗಬೇಕು.

ಬುಸುಗುಟ್ಟುತ್ತ ಹೊಗೆ ಬರುತ್ತಿದ್ದರೆ ಹತ್ತಿರ ಹೋಗದೆ ಮೇನ್ ಇಳಿಸಿ, ಎಲ್ಲರನ್ನೂ ಹೊರಗೆ ಕಳಿಸಿ. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ, ಶ್ವಾಸಕೋಶಕ್ಕೆ ವಿಷ. ಮೇನ್ ಇಳಿದಿದೆ ಎಂದು ಖಾತ್ರಿಯಾದ ಮೇಲೆ, ಒಂದು ಸಣ್ಣ ಸೆಲ್ಲಿನ ಬೆಂಕಿಗೆ ದೂರದಿಂದ ಧಾರಾಳವಾಗಿ ನೀರು ಹಾಕಬಹುದು. ಇಲ್ಲಿ ಬೇಕಾದದ್ದು ತಂಪು, ಒದ್ದೆ ಗೋಣಿ ಹೊದಿಸಿದ ಮಾತ್ರಕ್ಕೆ ಒಳಗಿನ ಬಿಸಿ ಆರುವುದಿಲ್ಲ. ಆರಿದಂತೆ ಕಂಡದ್ದು ಮತ್ತೆ ಹೊತ್ತಿಕೊಳ್ಳುವುದೂ ಇದೆ. ಪ್ಯಾಕ್ ದೊಡ್ಡದಾದರೆ, ಬೆಂಕಿ ಬೇರೆ ಸಾಮಾನಿಗೆ ಹಬ್ಬಿದ್ದರೆ, 101 ಅಥವಾ 112.

ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡಿದ್ದರೆ ಅವರನ್ನು ಹಿಡಿದು ಎಳೆಯಬೇಡಿ. ಮೇನ್ ಇಳಿಸಿ. ಸಿಗದಿದ್ದರೆ ಒಣ ಮರದ ಕೋಲಿನಿಂದ ವೈರು ತಳ್ಳಿ. ಉಸಿರಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿಸುತ್ತಲೇ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರಂತೆ ಒತ್ತುತ್ತಿರಿ.

ಸತ್ತ ಸೆಲ್ಲುಗಳು ಬೆಳಗಿನ ಕಸದ ಗಾಡಿಯ ಹಸಿ-ಒಣ ಬುಟ್ಟಿಗಳಿಗೆ ಹೋಗಬಾರದು. ಲಿಥಿಯಂನದು ಗಾಡಿಯ ಒತ್ತುವ ಯಂತ್ರಕ್ಕೆ ಸಿಕ್ಕರೆ ಅಲ್ಲೇ ಹೊತ್ತಿಕೊಳ್ಳಬಹುದು. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯದನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಆದ್ದರಿಂದ ಹೊಸದು ಕೊಳ್ಳುವಾಗ ಹಳೆಯದನ್ನು ಟೇಪು ಸುತ್ತಿ ಅಂಗಡಿಗೇ ಒಯ್ಯಿರಿ, ಇಲ್ಲವೇ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಸೀಸದ ಬ್ಯಾಟರಿಗೆ ಗುಜರಿಯಲ್ಲಿ ದುಡ್ಡೂ ಸಿಗುತ್ತದೆ, ಆದರೆ ಮನೆ ಹಿತ್ತಲಲ್ಲಿ ಒಡೆದು ಆಸಿಡ್ ಚೆಲ್ಲುವವರಿಗೆ ಕೊಡಬೇಡಿ. ಸುಳ್ಳು ಆರ್-ಸಂಖ್ಯೆ ಹಾಕಿದ ಚಾರ್ಜರ್ ಸಿಕ್ಕಿದ್ದರೆ ಡಬ್ಬಿ ಮತ್ತು ಬಿಲ್ಲು ಎಸೆಯದೆ ಇಟ್ಟುಕೊಳ್ಳಿ. ಬಿಐಎಸ್ ಕೇರ್ ಆ್ಯಪಿನಲ್ಲೇ ದೂರು ಕೊಡಬಹುದು, ಗ್ರಾಹಕ ಸಹಾಯವಾಣಿ 1915ಕ್ಕೂ ಹೇಳಬಹುದು. ಆರ್-ಸಂಖ್ಯೆ ಕಾಣುವಂತೆ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.